ಗುರುಮಲ್ಲ ತಡೆಗೋಡೆಗೆ ಬ್ಲಾಕು ತಂದದ್ದು

ನಗೋರೆಲ್ಲ ಮುಂದೆ ಬನ್ನಿ, ಆಕಳಿಸೋರು ಹಿಂದೆ ಕೂರಿ.

ಗುಡ್ಡದ ಮಗ್ಗುಲಲ್ಲಿ ಒಂದು ಊರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಗುರುಮಲ್ಲ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು.

ಮನೆ ಹಿಂದಿನ ಇಳಿಜಾರಲ್ಲಿ ಅವಳ ಕೈತೋಟ. ಬದನೆ, ದಂಟು, ಒಂದು ಮಲ್ಲಿಗೆ ಬಳ್ಳಿ. ಮಳೆ ಬಂದರೆ ಸಾಕು, ಮಣ್ಣೆಲ್ಲ ಜಾರಿ ಕೆಳಮನೆ ರಾಚಪ್ಪನ ಅಂಗಳಕ್ಕೆ.

"ಇನ್ನೊಂದು ಸಲ ಮಣ್ಣು ಬರಲಿ, ನಿನ್ನ ತೋಟಾನೇ ಕಿತ್ತು ಹಾಕಿಸ್ತೀನಿ!" ಅಂದ ರಾಚಪ್ಪ.

ತೋಟ ಹೋದರೆ ಸಾರಿಗೆ ಏನು ಹಾಕೋದು? ತಡೆಗೋಡೆ ಕಟ್ಟಲೇಬೇಕಾಯಿತು.

"ಲೇ ಮಲ್ಲ, ಸಿಮೆಂಟ್ ಬ್ಲಾಕು ಮಾಡ್ತಾರಲ್ಲ ನಂಜೇಗೌಡ್ರು, ಅಲ್ಲಿಗೆ ಹೋಗು. ಒಳ್ಳೇ ಬ್ಲಾಕು ಯಾವುದು ಅಂತ ಕೇಳು, ಕೇಳಿ ತಗೊಂಡು ಬಾ."

ಹೋದ. ಒಂದೊಂದು ಬ್ಲಾಕಿನ ಮುಂದೂ ಕುಕ್ಕರಗಾಲಲ್ಲಿ ಕೂತ. "ನೀನು ಒಳ್ಳೇವನಾ? ಹೋಗ್ಲಿ, ನೀನು?" ಸಂಜೆವರೆಗೂ ಕೇಳಿದ. ಬರಿಗೈಲಿ ಬಂದ.

"ಒಂದೂ ಬಾಯಿ ಬಿಡಲಿಲ್ಲ ಕಣವ್ವ! ಭಾರಿ ಜಂಬ ಅವಕ್ಕೆ!"

"ಅಯ್ಯೋ ನನ್ನ ಕರ್ಮವೇ! ಬ್ಲಾಕು ಮಾತಾಡುತ್ತೇನೋ? ತಟ್ಟಿ ನೋಡ್ಬೇಕು! ಟಣ್ ಅಂದ್ರೆ ಒಳ್ಳೇದು, ದಬ್ ಅಂದ್ರೆ ಕೆಟ್ಟದ್ದು!"

"ಹಂಗಾ? ಸರಿ ಬಿಡವ್ವ!"

ಮಾರನೇ ದಿನ ಮತ್ತೆ ಹೋದ. ನಂಜೇಗೌಡ್ರು ನಗುನಗುತ್ತಾ ಎದುರು ಬಂದರು. "ಬಾರಪ್ಪ ಬಾ. ಬೇರೆಯವರೆಲ್ಲ ಮೋಸಗಾರರು. ಈ ಊರಲ್ಲಿ ಒಳ್ಳೇವನು ಅಂದ್ರೆ ನಾನೊಬ್ಬನೇ."

ಒಳ್ಳೇವರಾ? ತಟ್ಟಿ ನೋಡಿದ, ಅವರ ಬೋಳುತಲೆಯನ್ನೇ. ದಬ್!

"ಗೌಡ್ರೇ, ನೀವು ಕೆಟ್ಟವರು!"

ಕೆಲಸದೋರೆಲ್ಲ ಮುಖ ತಿರುಗಿಸಿಕೊಂಡು ನಕ್ಕರು. ಅವರಿಗೆ ಅದು ಮೊದಲೇ ಗೊತ್ತಿತ್ತು. ಗೌಡ್ರು ಕತ್ತು ಹಿಡಿದು ಆಚೆಗೆ ನೂಕಿದರು. ಮನೆಗೆ ಬಂದು ಅವ್ವನಿಗೆ ಹೇಳಿದ.

"ಪಾಪಿ! ದೊಡ್ಡೋರ ತಲೆ ತಟ್ತಾರೇನೋ? ಹೋಗಿ ಕೈ ಮುಗಿ. ಅವರೇನು ಹೇಳಿದ್ರೂ ಹೂಂ ಅನ್ನು!"

"ಹಂಗಾ? ಸರಿ ಬಿಡವ್ವ!"

ಹೋದ, ಕೈ ಮುಗಿದ.

"ತಪ್ಪಾಯ್ತು ಅಂತೀಯೇನೋ?"

"ಹೂಂ!"

"ನೀನು ಕತ್ತೆ ತಾನೇ?"

"ಹೂಂ!"

ಗೌಡ್ರ ಕಣ್ಣು ಮಿನುಗಿತು. ಮೂಲೇಲಿ ಯಾರೂ ಮೂಸದ ಒಡಕಲು ರಾಶಿ ಬಿದ್ದಿತ್ತು. "ಇದನ್ನೇ ಹಾಕಿಸ್ಲಾ?"

"ಹೂಂ!"

ಗಾಡಿ ತುಂಬ ಒಡಕಲು ಮನೆಗೆ ಬಂತು. ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹೊರಟಳು. ಗೌಡ್ರ ಅಂಗಳದಲ್ಲಿ ನಿಂತು ಬೀದಿ ಮಂದಿಯೆಲ್ಲ ಸೇರೋವರೆಗೂ ಬಾಯಿ ಮಾಡಿದಳು. "ಒಳ್ಳೇ ಮಾಲು ಕಳಿಸ್ತೀನಿ, ಮೊದಲು ನಡಿ ತಾಯಿ!" ಅಂದು ಗೌಡ್ರು ಒಳಗೆ ಹೋಗಿ ಕದ ಹಾಕಿಕೊಂಡರು.

ಬಂದವಳೇ ಮಗನಿಗೆ ಉಗಿದಳು. "ಮೇಲೆ ನೋಡಿ ಮೋಸ ಹೋಗಬಾರದು ಕಣೋ! ಟೊಳ್ಳೋ ಗಟ್ಟಿಯೋ, ಒಳಗೇನಿದೆ ಅಂತ ನೋಡಿ ಇಳಿಸ್ಕೋಬೇಕು!"

"ಹಂಗಾ? ಸರಿ ಬಿಡವ್ವ!"

ಬೆಳಿಗ್ಗೆ ಅವಳು ನೀರಿಗೆ ಹೋದಾಗ ಬ್ಲಾಕು ಬಂದವು. ಎಂಥಾ ಬ್ಲಾಕು! ತಟ್ಟಿದರೆ ಟಣ್ ಅನ್ನೋವು. ಗುರುಮಲ್ಲ ಸುತ್ತಿಗೆ ತಂದ. ಒಂದು ಒಡೆದ, ಒಳಗೆ ನೋಡಿದ. ಇನ್ನೊಂದು ಒಡೆದ, ಒಳಗೆ ನೋಡಿದ. ಬಿಡದೆ ಎಲ್ಲಾನೂ ಒಡೆದ.

"ಅವ್ವಾ, ಒಳ್ಳೇ ಮಾಲು! ಒಳಗೂ ಗಟ್ಟಿ! ಒಡೆದು ಒಡೆದು ಕೈ ಬೊಬ್ಬೆ ಬಂತು!"

ಅವ್ವನ ತಲೆ ಮೇಲಿದ್ದ ಬಿಂದಿಗೆ ಧಡಾರನೆ ಬಿತ್ತು. ಗುಡ್ಡದ ಮೇಲೆ ಮೋಡ ಬೇರೆ ಕಟ್ಟಿತ್ತು.

"ನೀನು ಬ್ಲಾಕಿನ ತಂಟೆಗೇ ಬರಬೇಡಪ್ಪ. ನಾನು ಮೇಸ್ತ್ರಿ ಕರ್ಕೊಂಡು ಬರ್ತೀನಿ. ಅಷ್ಟರೊಳಗೆ ಮಳೆ ಬಂದ್ರೆ, ತೋಟದ ಮಣ್ಣು ಜಾರದ ಹಾಗೆ ನೋಡ್ಕೋ. ಅಷ್ಟು ಸಾಕು!"

"ಹಂಗಾ? ಸರಿ ಬಿಡವ್ವ!"

ಮೇಸ್ತ್ರಿ ಜೊತೆ ತಿರುಗಿ ಬಂದಳು. ನೋಡ್ತಾಳೆ, ತೋಟವೇ ಇಲ್ಲ! ಮಣ್ಣು ಕೆರೆದು ಕೆರೆದು ಬಂಡೆ ಬೆಳ್ಳಗೆ ಕಾಣ್ತಿದೆ. ಮನೆ ಬಾಗಿಲಿಗೆ ಓಡಿದಳು. ಹೊಸ್ತಿಲಿಂದ ಎದೆ ಮಟ್ಟಕ್ಕೆ ಮಣ್ಣು. ಅಡುಗೆಮನೆ ಇಲ್ಲ, ಒಲೆ ಇಲ್ಲ, ಮಂಚ ಇಲ್ಲ. ಮಣ್ಣಿನ ಗುಡ್ಡೆ ಮೇಲೆ ಗುದ್ದಲಿ, ಬುಟ್ಟಿ ಪಕ್ಕಕ್ಕಿಟ್ಟು ಮಲ್ಲಿಗೆ ಬಳ್ಳಿ ಹಿಡ್ಕೊಂಡು ಗುರುಮಲ್ಲ ಕೂತಿದ್ದ, ತಲೆ ಸೂರಿಗೆ ತಾಗ್ತಿತ್ತು.

"ಅವ್ವಾ, ಒಂದು ಹಿಡಿ ಮಣ್ಣೂ ಜಾರಿಲ್ಲ ಕಣವ್ವ! ಇನ್ನು ಮನೆ ಜಾರದ ಹಾಗೆ ಒಂದು ಗೋಡೆ ಕಟ್ಟೋಕೆ ಹೇಳು ಮೇಸ್ತ್ರಿಗೆ!"