ತುಟಿ ತಿದ್ದಿದ ಸ್ವರ

ನಮ್ಮ ಮನೆತನ ಈ ಚರ್ಚಿನ ಸಭೆಯಲ್ಲಿ ನಾಲ್ಕು ತಲೆಮಾರಿನಿಂದ ಹಾಡು ನಡೆಸಿಕೊಂಡು ಬಂದಿದೆ. ಮುತ್ತಜ್ಜ ಇಲ್ಲಿಯ ಮೊದಲ ಉಪದೇಶಿಗಳಲ್ಲಿ ಒಬ್ಬರು. ಅಜ್ಜ ಕ್ವಾಯರ್ ಕಟ್ಟಿದರು. ಇಂದಿಗೂ ನಾವು ಯಾವುದರ ಜೊತೆ ಹಾಡುತ್ತೇವೋ ಆ ಹಾರ್ಮೋನಿಯಂ ಅವರು ಜರ್ಮನಿಯಿಂದ ತರಿಸಿ ಕೊಟ್ಟದ್ದು. ನಾನು ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಸಿಸ್ಟರುಗಳ ಕೈಕೆಳಗೆ ಕಲಿತವಳು. ಅಲ್ಲಿ ಸ್ವರ ತಪ್ಪಿದರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು.

ಇದನ್ನು ಜಂಭಕ್ಕೆ ಹೇಳುತ್ತಿಲ್ಲ. ಕಳೆದ ಭಾನುವಾರ ಆರಾಧನೆಯಲ್ಲಿ ನಮ್ಮ ಸಭೆಯ ಹುಡುಗಿ ಪ್ರಿಸ್ಕಿಲ್ಲ ಮೊದಲ ಸಲ ಕೊಳಲು ಊದಿದಳು. ಹಾಡಿನ ನಡುವೆ ಕ್ವಾಯರಿನಲ್ಲಿ ನಗು ಎದ್ದಿತು. ಅವಳು ಅಳುತ್ತ ಹೊರಟುಹೋದಳು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಈ ಕಥೆಯನ್ನು ಕ್ವಾಯರಿನವರೆಲ್ಲರೂ ಪೂರ್ತಿ ಓದಿ. ಸಂಡೆ ಸ್ಕೂಲಿನ ಮಕ್ಕಳಿಗೂ ಓದಿ ಹೇಳಿ.

ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆ ಜರ್ಮನಿಯ ಒಂದು ಪಟ್ಟಣದಲ್ಲಿ ಕೊನ್ರಾಡ್ ಎಂಬ ಕೊಳಲು ಮಾಡುವ ಗುರುವಿದ್ದ. ಅವನ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಅದೇ ಕಸುಬು. ಗಟ್ಟಿ ಮರವನ್ನು ಕಡೆದು, ನಡುವೆ ಕೊರೆದು, ಬೆರಳು ಎಟುಕುವ ಕಡೆ ತೂತು ಮಾಡುತ್ತಿದ್ದರು. ಆದರೆ ಸ್ವರಕ್ಕೆ ಬೇಕಾದ ಜಾಗ ಎಲ್ಲ ಸಲವೂ ಬೆರಳಿಗೆ ಎಟುಕುವುದಿಲ್ಲ. ಹಾಗಾಗಿ ಆ ಮನೆಯ ಪ್ರತಿಯೊಂದು ಕೊಳಲಿನಲ್ಲೂ ಒಂದು ಸ್ವರ ಕೂದಲೆಳೆಯಷ್ಟು ಏರಿಯೇ ಬರುತ್ತಿತ್ತು.

ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಏಕೆಂದರೆ ಕೊಳಲುಗಳನ್ನು ಊದಿ ಪರೀಕ್ಷಿಸುತ್ತಿದ್ದವಳು ಕೊನ್ರಾಡನ ತಂಗಿ ಒಟ್ಟಿಲಿ. ಆ ಸ್ವರ ಬಂದಾಗ ಅವಳ ತುಟಿ ತಾನಾಗಿ ಸಡಿಲವಾಗುತ್ತಿತ್ತು, ಕೈ ಕೊಳಲನ್ನು ತುಸು ಒಳಕ್ಕೆ ಹೊರಳಿಸುತ್ತಿತ್ತು. ಏರಿದ ಸ್ವರ ಇಳಿದು ಸರಿಯಾಗಿ ಕೂರುತ್ತಿತ್ತು. ಮೂವತ್ತು ವರ್ಷ ಹೀಗೆ ಮಾಡಿ, ತಾನು ತಿದ್ದುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಕೊನ್ರಾಡನ ಬಳಿ ಲೊರೆನ್ಸ್ ಎಂಬ ಶಿಷ್ಯ ಹದಿನಾಲ್ಕು ವರ್ಷದಿಂದ ಇದ್ದ. ಗಡಿಯಾರ ರಿಪೇರಿಯವನ ಮಗ. ಅವನು ಎರಡು ವರ್ಷ ಯಾರಿಗೂ ಹೇಳದೆ ಒಂದು ಕೊಳಲು ಮಾಡಿದ. ತೂತುಗಳನ್ನು ಸ್ವರಕ್ಕೆ ಬೇಕಾದ ಜಾಗದಲ್ಲೇ ಕೊರೆದ. ಬೆರಳು ಎಟುಕದ ಕಡೆ ಸಣ್ಣ ಮುಚ್ಚಳ ಕೂರಿಸಿ, ಸರಳು ಮತ್ತು ಸ್ಪ್ರಿಂಗು ಜೋಡಿಸಿದ. ಇಲ್ಲಿ ಒತ್ತಿದರೆ ಅಲ್ಲಿ ಮುಚ್ಚಿಕೊಳ್ಳುತ್ತಿತ್ತು.

ಕೊನ್ರಾಡ್ ಅದನ್ನು ತಿರುಗಿಸಿ ನೋಡಿ ನಕ್ಕ. "ಇದೇನಪ್ಪಾ, ಕೊಳಲೋ ನಿಮ್ಮಪ್ಪನ ಗಡಿಯಾರವೋ? ಗಂಟೆಯನ್ನೂ ಹೊಡೆಯುತ್ತದೇನು?"

"ಊದಿಸಿ ನೋಡಿ ಗುರುಗಳೇ. ಸರಿಯಿದ್ದರೆ ನಮ್ಮ ಅಂಗಡಿಯ ಮುದ್ರೆ ಒತ್ತಿ. ನಾನು ಕೇಳುವುದು ಅಷ್ಟೇ."

"ಸರಿಯಿಲ್ಲದಿದ್ದರೆ?"

"ನಾನೇ ಹೊರಟುಹೋಗುತ್ತೇನೆ."

ಊರಿನ ವಾದ್ಯಗಾರರೆಲ್ಲ ಅಂಗಡಿಯಲ್ಲಿ ಸೇರಿದರು. ಒಟ್ಟಿಲಿ ಹೊಸ ಕೊಳಲನ್ನು ಎತ್ತಿಕೊಂಡಳು. ಮೊದಲ ಸ್ವರಗಳು ಚೆನ್ನಾಗಿಯೇ ಬಂದವು. ಆಮೇಲೆ ಆ ಒಂದು ಸ್ವರ ಬಂತು. ಅಭ್ಯಾಸದಂತೆ ಅವಳ ತುಟಿ ಸಡಿಲವಾಯಿತು, ಕೈ ಒಳಕ್ಕೆ ಹೊರಳಿತು. ಸರಿಯಾಗಿದ್ದ ಸ್ವರ ಕುಸಿಯಿತು. ಯಾರೋ ಕಿಸಕ್ಕನೆ ನಕ್ಕರು. ಅವಳು ಮತ್ತೆ ಊದಿದಳು. ಮತ್ತೆ ಕುಸಿಯಿತು.

"ಅಮ್ಮಾ, ತಾವು ತಿದ್ದಬೇಡಿ," ಎಂದ ಲೊರೆನ್ಸ್. "ಸುಮ್ಮನೆ ಊದಿ. ಸ್ವರ ತಾನಾಗಿ ಬರುತ್ತದೆ."

ಒಟ್ಟಿಲಿಯ ಮುಖ ಕೆಂಪಾಯಿತು. "ನಾನು ಏನನ್ನು ತಿದ್ದಿದೆ? ನನಗೆ ಊದುವುದನ್ನು ಕಲಿಸಲು ಬಂದೆಯಾ?"

"ಹಾಗಾದರೆ ನಾನೇ ಊದಿ ತೋರಿಸಲೇ?"

"ನಿನ್ನ ಕೊಳಲಿಗೆ ನೀನೇ ಸಾಕ್ಷಿಯೇ?" ಎಂದ ಕೊನ್ರಾಡ್. "ನನ್ನ ತಂಗಿಯ ಕಿವಿ ಈ ಊರಿಗೆಲ್ಲ ಗೊತ್ತು. ನಿನಗೆ ಸ್ವರಜ್ಞಾನವಿಲ್ಲ. ಹದಿನಾಲ್ಕು ವರ್ಷ ನಾನು ಅದನ್ನು ಗಮನಿಸದೆ ಹೋದೆ. ಇವಳ ಕ್ಷಮೆ ಕೇಳು."

ಲೊರೆನ್ಸ್ ಎಲ್ಲರ ಮುಖ ನೋಡಿದ. "ತಪ್ಪಾಯಿತು ಅಮ್ಮಾ," ಎಂದ. ಕೊಳಲನ್ನು ಮೇಜಿನ ಮೇಲೆ ಇಟ್ಟು ಹೊರಟುಹೋದ.

ಆರು ವರ್ಷ ಕಳೆಯಿತು. ಒಟ್ಟಿಲಿಗೆ ಭಾರೀ ಜ್ವರ ಬಂದು ಹೋಯಿತು. ಎದ್ದಾಗ ತುಟಿಗೂ ಕೈಗೂ ಸ್ವರ ತಿದ್ದುವ ಹಳೆಯ ಹಿಡಿತವಿರಲಿಲ್ಲ. ಗೋಡೆಯಲ್ಲಿದ್ದ ಹಳೆಯ ಕೊಳಲೊಂದನ್ನು ತೆಗೆದು ಊದಿದಳು. ಆ ಒಂದು ಸ್ವರ ಏರಿ ಕಿರುಚಿತು. ಇನ್ನೊಂದನ್ನು ತೆಗೆದಳು. ಅದೂ ಕಿರುಚಿತು. ತಂದೆ ಮಾಡಿದ್ದು, ಅಜ್ಜ ಮಾಡಿದ್ದು, ಎಲ್ಲದರಲ್ಲೂ ಅದೇ. ಕಡೆಗೆ ಅಟ್ಟದ ಮೂಲೆಯಿಂದ ಲೊರೆನ್ಸನ ಕೊಳಲನ್ನು ತಂದು, ಧೂಳು ಒರೆಸಿ, ಸುಮ್ಮನೆ ಊದಿದಳು. ಸ್ವರ ನೆಟ್ಟಗೆ ನಿಂತಿತು.

ಕೊನ್ರಾಡನ ಕೈಯ ಉಳಿ ಹಾಗೆಯೇ ನಿಂತಿತು. "ಇನ್ನೊಮ್ಮೆ ಊದು."

ಅವಳು ಊದಿದಳು. "ಅಣ್ಣಾ, ಅವನು ಹೇಳಿದ್ದು ನಿಜ. ನಾನು ತಿದ್ದುತ್ತಿದ್ದೆ."

ಮರುದಿನವೇ ಕೊನ್ರಾಡ್ ಗಾಡಿ ಕಟ್ಟಿಸಿದ. ಮೂರು ದಿನ ಪ್ರಯಾಣ ಮಾಡಿ ಲೊರೆನ್ಸ್ ನೆಲೆಸಿದ್ದ ಊರು ಸೇರಿದ. ಬಾಗಿಲು ತೆರೆದವಳು ಶೋಕದ ಕಪ್ಪು ಬಟ್ಟೆ ಉಟ್ಟಿದ್ದ ಅವನ ಹೆಂಡತಿ. ಲೊರೆನ್ಸ್ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು.

"ಇಲ್ಲಿ ಕೊಳಲು ಮಾಡುತ್ತಿದ್ದನೇ ತಾಯಿ?"

"ಕೊಳಲೇ? ಇಲ್ಲವಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರಿಗೆ ಸ್ವರಜ್ಞಾನ ಇಲ್ಲವಂತೆ, ಅವರೇ ಹೇಳುತ್ತಿದ್ದರು. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಬರೀ ತುಟಿ ಆಡಿಸುತ್ತಿದ್ದರು."

ಕೊನ್ರಾಡ್ ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ತಪ್ಪು ನನ್ನದು, ಕ್ಷಮಿಸು ಎಂದ. ಅವಳು ಕೇಳಿಸಿಕೊಂಡಳು. "ಇದನ್ನು ಅವರಿಗೆ ಹೇಳಬೇಕಿತ್ತು," ಎಂದಳು. ಬಾಗಿಲು ಮುಚ್ಚಿಕೊಂಡಳು.

ಆ ಕಾಲದಲ್ಲೇ ಬೇರೆ ಊರುಗಳ ಕುಶಲಕರ್ಮಿಗಳು ಇದೇ ದಾರಿ ಹಿಡಿದು ಗೆದ್ದರು. ಇಂದು ಪಾಶ್ಚಾತ್ಯ ಸಂಗೀತದವರು ಊದುವ ಕೊಳಲಿನಲ್ಲಿ ತೂತುಗಳಿರುವುದು ಸ್ವರಕ್ಕೆ ಬೇಕಾದ ಜಾಗದಲ್ಲಿ. ಕೊನ್ರಾಡ್ ಮಾತ್ರ ಮತ್ತೆ ಕೊಳಲು ಮಾಡಲಿಲ್ಲ. ಲೊರೆನ್ಸನ ಕೊಳಲಿಗೆ ಅಂಗಡಿಯ ಮುದ್ರೆ ಒತ್ತಿ ಮೇಜಿನ ಮೇಲೆ ಇಟ್ಟುಕೊಂಡ. ಆ ಮುದ್ರೆಯನ್ನು ಕೇಳಿದವನು ಬದುಕಿರಲಿಲ್ಲ.

ನೀತಿ: ಒಂದು ತಪ್ಪಿನ ಜೊತೆ ಬಹುಕಾಲ ಹೊಂದಿಕೊಂಡು ಬಾಳಿದವರಿಗೆ ಸರಿಯಾದದ್ದೇ ತಪ್ಪಾಗಿ ಕೇಳುತ್ತದೆ. ಇನ್ನೊಬ್ಬರನ್ನು ತಪ್ಪೆನ್ನುವ ಮೊದಲು ನಮ್ಮ ಅಭ್ಯಾಸವನ್ನು ಪರೀಕ್ಷಿಸಬೇಕು. ಕ್ಷಮೆಯನ್ನು ಕೇಳಿಸಿಕೊಳ್ಳುವವರು ಇರುವಾಗಲೇ ಕೇಳಬೇಕು.

ಇನ್ನು ನಮ್ಮ ವಿಷಯ. ಗುರುವಾರ ನಾನು ಹಾರ್ಮೋನಿಯಂ ಬಿಚ್ಚಿಸಿದೆ. ಅದರ ಒಂದು ರೀಡಿನ ಸ್ವರ ಎಷ್ಟೋ ವರ್ಷಗಳಿಂದ ಇಳಿದಿದೆ. ನಾವೆಲ್ಲ ಅದಕ್ಕೆ ಹೊಂದಿಕೊಂಡು ಆ ಸಾಲನ್ನು ಇಳಿಸಿಯೇ ಹಾಡುತ್ತಿದ್ದೇವೆ. ಪ್ರಿಸ್ಕಿಲ್ಲ ಹಾಡಿನ ಪುಸ್ತಕದಲ್ಲಿದ್ದಂತೆ ಸರಿಯಾಗಿಯೇ ಊದಿದ್ದಳು. ಸ್ವರ ತಪ್ಪಿತು ಎಂದು ಎಲ್ಲರ ಎದುರು ಹೇಳಿದವಳು ನಾನು. ನಕ್ಕವರು ನೀವು. ನಿನ್ನೆ ಸಂಜೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. "ಕೊಳಲನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದೇನೆ, ಇನ್ನು ಊದುವುದಿಲ್ಲ ಆಂಟಿ," ಎಂದಳು.

ಈ ಭಾನುವಾರ ಆರಾಧನೆಗೆ ಮುಂಚೆ ಕ್ವಾಯರಿನ ಪ್ರತಿಯೊಬ್ಬರೂ ಅವಳ ಕ್ಷಮೆ ಕೇಳತಕ್ಕದ್ದು.