ಈಜುಗನ್ನಡಕದ ಕುಂಕುಮ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಪಂದ್ಯಕ್ಕೆ ತಿಪ್ಪೇಶ ಮೊದಲ ಸಲ ಹೆಸರು ಕೊಟ್ಟಿದ್ದ. ಆಯುಧಪೂಜೆಯ ದಿನ ಸೈಕಲ್ಲಿಗೂ ಈಜುಗನ್ನಡಕಕ್ಕೂ, ಹೆಂಡತಿ ಬೇಡವೆಂದರೂ ಕೇಳದೆ ಬೂಟಿಗೂ ಕುಂಕುಮ ಹಚ್ಚಿದ.

ಬೂಟಿನ ಕುಂಕುಮ ವಾರದೊಳಗೆ ಬೆವರಿಗೆ ಅಳಿಸಿತು. ಸೈಕಲ್ಲಿನದು ಧೂಳಿಗೆ ಹೋಯಿತು. ಕನ್ನಡಕದ್ದು ಮಾತ್ರ ಮೂರು ತಿಂಗಳಾದರೂ ಹಾಗೇ ಇತ್ತು. ತಿಪ್ಪೇಶನಿಗೆ ನೀರೆಂದರೆ ಭಯ.

ಪಂದ್ಯದ ಬೆಳಿಗ್ಗೆ ಕೆರೆಯ ದಡದಲ್ಲಿ ಬೂಟು ಬೀಗಿತು: “ದಿನವೂ ನನ್ನನ್ನೇ ಮೆಟ್ಟಿದ್ದಾನೆ. ಇವತ್ತು ನನ್ನ ಓಟ ನೋಡು.”

“ಮೊದಲು ಈಜು, ಅಣ್ಣಾ,” ಎಂದಿತು ಕನ್ನಡಕ. “ನೀರು ದಾಟದೆ ಅವನು ನಿನ್ನ ಬಳಿ ಬರಲಾರ.”

“ಅಷ್ಟು ಓಡಿದ ಕಾಲು ನೀರಿನಲ್ಲಿ ಕೈಬಿಡುತ್ತದೆಯೇ?” ಎಂದು ಬೂಟು ನಕ್ಕಿತು.

ಇಪ್ಪತ್ತು ಮಾರು ಹೋಗುವಷ್ಟರಲ್ಲಿ ತಿಪ್ಪೇಶ ಮುಳುಗತೊಡಗಿದ. ದೋಣಿಯವರು ಎಳೆತಂದು ದಡಕ್ಕೆ ಹಾಕಿದರು. ಕನ್ನಡಕದ ಕುಂಕುಮ ಕರಗಿ ಅವನ ಕೆನ್ನೆಗಿಳಿದಿತ್ತು. ಉಳಿದವರು ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಹೋದರು. ಲೇಸು ಬಿಗಿಯದ ಬೂಟು ಬಿಸಿಲಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು.

ಮಾರನೆಯ ಬೆಳಿಗ್ಗೆ ತಿಪ್ಪೇಶ ಮತ್ತೆ ಬೂಟನ್ನೇ ಮೆಟ್ಟಿ ಓಡಿದ, ಎಂದಿಗಿಂತ ಜೋರಾಗಿ. “ನನ್ನನ್ನು ಬಿಡು, ಕೆರೆಗೆ ನಡೆ,” ಎಂದು ಬೂಟು ಹೆಜ್ಜೆಹೆಜ್ಜೆಗೂ ಕೂಗಿಕೊಂಡಿತು. ಅವನಿಗೆ ಕೇಳಿಸಿದ್ದು ಟಪಟಪ ಸದ್ದು ಮಾತ್ರ.

ಮುಂದಿನ ಆಯುಧಪೂಜೆ ಬಂತು. ಮೂಲೆಯಲ್ಲಿ ಒಣಗಿ ಬಿದ್ದಿದ್ದ ಕನ್ನಡಕವನ್ನು ತಿಪ್ಪೇಶ ಒರೆಸಿ, ಕಣ್ಣಿಗೊತ್ತಿಕೊಂಡು, ಮತ್ತೆ ಕುಂಕುಮ ಹಚ್ಚಿದ. ಈ ಸಲ ಎಲ್ಲಕ್ಕಿಂತ ದೊಡ್ಡ ಬೊಟ್ಟು ಅದಕ್ಕೇ.