ಉಣ್ಣಿ ಹುಲ್ಲಿನ ತುದಿಯಲ್ಲಿ ಕೈ ಚಾಚಿ ಕೂತಿರುವುದು ಯಾಕೆ

ಪ್ರಪಂಚ ಆಗಿನ್ನೂ ಹಸಿಯಾಗಿತ್ತು. ಬೆಟ್ಟಗಳು ಗಟ್ಟಿಯಾಗಿರಲಿಲ್ಲ, ಒರಗಿ ಕೂತರೆ ಬೆನ್ನಿನ ಗುರುತು ಬೀಳುತ್ತಿತ್ತು. ಗಾಳಿಗೆ, ಹಳ್ಳಕ್ಕೆ, ಹುಳುಹುಪ್ಪಟೆಗೆ ಎಲ್ಲಕ್ಕೂ ಬಾಯಿತ್ತು. ಕೇಳುವವರು ಇದ್ದರೂ ಇಲ್ಲದಿದ್ದರೂ ಎಲ್ಲವೂ ಮಾತಾಡುತ್ತಿದ್ದವು.

ಆ ಕಾಲದಲ್ಲಿ ಮಾಳವ್ವ ಎಂಬ ಹೆಂಗಸಿಗೆ “ನಿನ್ನ ಕೈಲಿ ಆಗಲ್ಲ” ಅಂದವರು ಬಹಳ ಮಂದಿ.

ಮೊದಲು ಅಂದವನು ಅವಳ ಸೋದರಮಾವ ಚೌಡಪ್ಪ. ಆಗ ಜನರೆಲ್ಲ ಬೆಟ್ಟದ ಮೇಲೆ, ಬಂಡೆಗಳ ಸಂದಿಯಲ್ಲಿ ಒತ್ತೊತ್ತಾಗಿ ಇರುತ್ತಿದ್ದರು. ಕೆಳಗೆ ಕಣ್ಣು ಹೋದಷ್ಟು ದೂರವೂ ಬಾದೆಹುಲ್ಲು ಬೆಳೆದ ಬಯಲು, ಅದೇ ಕಾವಲು. ಹುಲ್ಲು ಹೂ ಬಿಟ್ಟಾಗ ಯಾರೋ ನೆಲದ ತುಂಬ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಮಾಳವ್ವ ಅದನ್ನು ನೋಡುತ್ತ ನೋಡುತ್ತ ದೊಡ್ಡವಳಾದಳು. ಇನ್ನೊಬ್ಬರ ಮೊಣಕೈಯಿಂದ ಪಕ್ಕೆಗೆ ತಿವಿಸಿಕೊಂಡು ಮಲಗುವುದು ಅವಳಿಗೆ ಸಾಕಾಗಿ ಹೋಗಿತ್ತು.

“ಮಾವ, ನಾನು ಕೆಳಗೆ ಹೋಗಿ ಮನೆ ಕಟ್ತೀನಿ” ಅಂದಳು.

“ಮನೆ ಅಂದ್ರೆ?” ಅಂದ ಚೌಡಪ್ಪ. ಅಲ್ಲಿಯವರೆಗೆ ಯಾರೂ ಮನೆ ಕಟ್ಟಿರಲಿಲ್ಲ.

“ನಾಲ್ಕು ಗೋಡೆ, ಮೇಲೊಂದು ಸೂರು, ನಡುವೆ ನಾನು.”

“ಆ ಹುಲ್ಲು ಉಣ್ಣಿಯದು ಕಣೆ. ಅಲ್ಲಿಗೆ ಹೋದ ಜಿಂಕೆ ಬಡಕಲಾಗಿ ಬರುತ್ತೆ. ಮೊಲ ಬರೋದೇ ಇಲ್ಲ. ನಿನ್ನ ಕೈಲಿ ಆಗಲ್ಲ.”

ಗಾಳಿಯೂ ಬಂದು, “ನಾನೇ ಅಲ್ಲಿ ನಿಲ್ಲಲ್ಲ, ನೀನು ನಿಲ್ತೀಯಾ?” ಅಂತ ನಕ್ಕಿತು. ಹಳ್ಳವಂತೂ “ಆಗಲ್ಲ, ಆಗಲ್ಲ” ಅಂತಲೇ ಹರಿಯಿತು.

ಮಾಳವ್ವ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು. “ಎಲ್ಲರೂ ನನ್ನ ಕೈಲಿ ಆಗಲ್ಲ ಅಂತಾರೆ. ಕೈಯನ್ನ ಮಾತ್ರ ಯಾರೂ ಕೇಳಲಿಲ್ಲ” ಅಂದವಳೇ ಬೆಟ್ಟ ಇಳಿದಳು.

ದಾರಿಯಲ್ಲಿ ಒಂದು ಬೂದುಬಣ್ಣದ ನಾಯಿ ಹಿಂದೆ ಬಿತ್ತು. ಆ ಕಾಲದಲ್ಲಿ ನಾಯಿಗಳು ಯಾರವೂ ಆಗಿರಲಿಲ್ಲ.

“ಎಲ್ಲಿಗೆ ಹೊರಟೆಯಕ್ಕ?” ಅಂತ ನಾಯಿ ಕೇಳಿತು.

“ಮನೆ ಕಟ್ಟಕ್ಕೆ.”

“ಮನೆಗೆ ಬಾಗಿಲಿರುತ್ತಾ?”

“ಇರುತ್ತೆ.”

“ಹಾಗಾದ್ರೆ ಬಾಗಿಲಲ್ಲಿ ಯಾರಾದ್ರೂ ಮಲಗಬೇಕಲ್ಲ.”

ಅವರಿಬ್ಬರ ನಡುವೆ ಆದ ಒಪ್ಪಂದ ಅಷ್ಟೇ. ಮಾಳವ್ವ ಅವನಿಗೆ ಬೂದ ಅಂತ ಹೆಸರಿಟ್ಟಳು. ಮಣ್ಣು ಕಲಸಿ ಗೋಡೆ ಎಬ್ಬಿಸಿದಳು, ಹುಲ್ಲು ಹೊದಿಸಿದಳು. ಗೋಡೆ ಒಂದು ಸಲ ಬಿತ್ತು, ಮತ್ತೆ ಎಬ್ಬಿಸಿದಳು. ತೋಳ ಬಂದು ಬಾಗಿಲು ಮೂಸಿದಾಗ ಬೂದ ಎದ್ದು ಬೊಗಳಿದ. ತೋಳ ಬಾಲ ಮುದುರಿಕೊಂಡು ಹೋಯಿತು. ಮಾಳವ್ವ ಕೈಕಾಲು ಚಾಚಿ, ಯಾರ ಮೊಣಕೈಯೂ ತಾಗದೆ, ನಿದ್ದೆ ಮಾಡಿದಳು.

ಆಮೇಲೆ ಬಂದಿತು ಉಣ್ಣಿ.

ಬೆಳಿಗ್ಗೆ ಬೂದನ ಕಿವಿಯ ಹಿಂದೆ ಅಗಸೆಕಾಳಿನಷ್ಟು ಚಪ್ಪಟೆಯಾದ ಒಂದು ಹುಳು ಕೂತಿತ್ತು. ಸಂಜೆಗೆ ತೊಗರಿಕಾಳಿನಷ್ಟಾಯಿತು. ಎರಡು ದಿನ ಕಳೆಯುವುದರೊಳಗೆ ಹರಳುಬೀಜದ ಹಾಗೆ ಉಬ್ಬಿ ಬೂದುಗಟ್ಟಿತು; ಅದರ ಕಾಲುಗಳು ಎಲ್ಲಿವೆಯೆಂದು ಹುಡುಕಬೇಕಾಯಿತು.

“ಯಾರು ನೀನು?” ಅಂದಳು ಮಾಳವ್ವ.

“ಉಣ್ಣಿ. ಈ ಕಾವಲೆಲ್ಲ ನಂದು. ಬಂದವರು ನಮ್ಮ ಬಳಗಕ್ಕೆಲ್ಲ ಊಟ ಹಾಕೋದು ಇಲ್ಲಿಯ ಪದ್ಧತಿ.”

“ಎಲೆ ಹಾಕಿ ಕರೆದರೆ ಬಂದು ಉಣ್ಣೋದಕ್ಕೆ ಊಟ ಅಂತಾರೆ. ಕರೆಯದೆ ಬಂದು ಚರ್ಮಕ್ಕೆ ಬಾಯಿ ಹಾಕೋದಕ್ಕೆ ಏನಂತಾರೆ?”

“ಹಸಿವು ಅಂತಾರೆ” ಅಂದಿತು ಉಣ್ಣಿ, ಚರ್ಮದಿಂದ ಬಾಯಿ ಕೀಳದೆ.

ಮಾಳವ್ವನಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಬೆಟ್ಟದ ಮೇಲೆ ಹೆಂಗಸರು ಒಬ್ಬರ ತಲೆಯನ್ನು ಒಬ್ಬರು ತೊಡೆಯ ಮೇಲಿಟ್ಟುಕೊಂಡು ಹೇನು ನೋಡುತ್ತಿದ್ದರು. ಸಿಕ್ಕ ಹೇನನ್ನು ಎರಡು ಹೆಬ್ಬೆಟ್ಟಿನ ಉಗುರಿನ ನಡುವೆ ಇಟ್ಟು ಕುಕ್ಕುವುದು. ಯಾರ ಉಗುರು ಜೋರಾಗಿ ‘ಟಪ್’ ಅನ್ನುತ್ತದೋ ಅವಳೇ ಜಾಣೆ. ಮಾಳವ್ವನ ಉಗುರಿನ ಸದ್ದು ಇಡೀ ಬೆಟ್ಟಕ್ಕೆ ಕೇಳುತ್ತಿತ್ತು.

ಹಾಗೆಯೇ ಮಾಡಿದಳು. ಉಣ್ಣಿಯ ಹೊಟ್ಟೆ ಹಿಡಿದು ಕಿತ್ತಳು, ಉಗುರಿನ ನಡುವೆ ಇಟ್ಟು ಕುಕ್ಕಿದಳು. ಒಂದಲ್ಲ, ಕೈಗೆ ಸಿಕ್ಕಷ್ಟನ್ನೂ. ಮಣ್ಣು ಕೆಲಸದಲ್ಲಿ ಸೀಳಿದ್ದ ಬೆರಳುಗಳ ತುಂಬ ರಕ್ತವಾಯಿತು.

ಉಣ್ಣಿ ಹೇನಲ್ಲ ಅನ್ನುವುದು ಅವಳಿಗೆ ಆಮೇಲೆ ಗೊತ್ತಾಯಿತು. ಕಿತ್ತ ಕಡೆಯೆಲ್ಲ ಅದರ ಬಾಯಿ ಬೂದನ ಚರ್ಮದೊಳಗೇ ಮುರಿದು ಉಳಿದು, ಗಾಯ ಕೀವಾಯಿತು. ಕುಕ್ಕಿದ ರಕ್ತದ ಕೊಳೆ ಸೀಳಿದ ಬೆರಳಿನಿಂದ ಮಾಳವ್ವನ ಮೈಗೆ ಇಳಿದು ಜ್ವರ ಬಂತು. ತಲೆ ಸಿಡಿಯುವಂಥ ಜ್ವರ, ಗಂಟುಗಂಟು ಮುರಿಯುವಂಥ ಜ್ವರ. ಬೂದನ ಒಸಡು ಸುಣ್ಣದ ಹಾಗೆ ಬಿಳಿಚಿತು. ಅವಳು ಒಳಗೆ ಬಿದ್ದಳು, ಅವನು ಬಾಗಿಲಲ್ಲಿ ಬಿದ್ದ. ತೋಳ ಸ್ವಲ್ಪ ದೂರದಲ್ಲಿ ಕಾಲು ಮಡಿಸಿ ಕೂತು ಕಾಯತೊಡಗಿತು.

ಸುದ್ದಿಯನ್ನು ಗಾಳಿ ಬೆಟ್ಟಕ್ಕೆ ಒಯ್ದಿತು. ಚೌಡಪ್ಪ ಅಂಬಲಿಯ ಕುಡಿಕೆ ಹಿಡಿದು, ಹುಲ್ಲು ತಾಗದ ಹಾಗೆ ಕಲ್ಲಿಂದ ಕಲ್ಲಿಗೆ ಕಾಲಿಟ್ಟುಕೊಂಡು ಬಂದ. ತೋಳವನ್ನು ಕಲ್ಲು ಬೀರಿ ಅಟ್ಟಿ, ಅವಳನ್ನು ಗೋಡೆಗೆ ಒರಗಿಸಿ ಅಂಬಲಿ ಕುಡಿಸಿದ.

“ಏಳು ಮಾಳಿ, ಮೇಲಕ್ಕೆ ಹೋಗೋಣ. ನಾಯಿನ ಇಲ್ಲೇ ಬಿಡು, ಉಣ್ಣಿ ಹೊತ್ಕೊಂಡು ಬರೋದು ಬೇಡ.”

“ಬೂದ ಬರಂಗಿಲ್ಲ ಅಂದ್ರೆ ನಾನೂ ಬರಲ್ಲ.”

“ಒಂದು ನಾಯಿಗೋಸ್ಕರ ಸಾಯ್ತೀಯಾ?”

“ಬಾಗಿಲಲ್ಲಿ ಮಲಗ್ತೀನಿ ಅಂದಿದ್ದ ಮಾವ. ನೋಡು, ಏಳಕ್ಕೆ ಆಗದೆ ಇದ್ರೂ ಅಲ್ಲೇ ಮಲಗಿದ್ದಾನೆ. ನಾನು ಮನೆ ಬಿಟ್ಟು ಹೋದ್ರೆ ಅವನು ಕಾಯೋದು ಏನನ್ನ?”

“ನಿಮ್ಮವ್ವನೂ ಹಿಂಗೇ ಇದ್ದಳು, ಮೊಂಡಿ. ನಿನ್ನ ಕೈಲಿ ಆಗಲ್ಲ ಅಂತ ನಾನು ಅಂದಿದ್ದೆ ತಾನೆ?”

“ಅಂದಿದ್ದೆ. ಅಂಬಲಿ ಚೆನ್ನಾಗಿದೆ, ಇನ್ನೊಂದು ಗುಟುಕು ಹಾಕು.”

ಚೌಡಪ್ಪ ಹಾಕಿದ. ಜ್ವರ ಬಿಡುವವರೆಗೂ ಇದ್ದು, ಗೊಣಗಿಕೊಂಡೇ ಬೆಟ್ಟ ಹತ್ತಿದ.

ಮಾಳವ್ವನಿಗೆ ಕಲಿಸುವವರು ಯಾರೂ ಇರಲಿಲ್ಲ. ಆದ್ದರಿಂದ ಅವಳು ನೋಡಲು ಕೂತಳು. ಹುಲ್ಲಿನ ಅಂಚಿನಲ್ಲಿ ಬೋರಲು ಮಲಗಿ, ಒಂದು ಉಣ್ಣಿಯನ್ನೇ ಇಡೀ ಬೆಳಿಗ್ಗೆ ನೋಡಿದಳು. ಅದು ಹುಲ್ಲಿನ ಬುಡದಿಂದ ನಿಧಾನವಾಗಿ ಹತ್ತಿತು. ತುದಿಗೆ ಹೋಗಿ ಹಿಂಗಾಲುಗಳಿಂದ ಹುಲ್ಲನ್ನು ಅಪ್ಪಿಕೊಂಡು, ಮುಂಗಾಲು ಎರಡನ್ನೂ ಗಾಳಿಗೆ ಚಾಚಿತು. ಅಷ್ಟೇ. ಹಾರಲಿಲ್ಲ, ನೆಗೆಯಲಿಲ್ಲ. ಒಂದು ಮೊಲ ಹುಲ್ಲಿಗೆ ಮೈ ಉಜ್ಜಿಕೊಂಡು ಓಡಿತು; ಹುಲ್ಲಿನ ತುದಿ ಖಾಲಿಯಾಯಿತು.

“ಓಹೋ. ನಿನಗೆ ರೆಕ್ಕೆ ಇಲ್ಲ, ನೆಗೆತ ಇಲ್ಲ. ಹುಲ್ಲೇ ನಿನ್ನ ಏಣಿ” ಅಂದಳು ಮಾಳವ್ವ.

ಮನೆಯ ಸುತ್ತಲಿನ ಹುಲ್ಲು ಕೊಯ್ಯಲು ಕಲ್ಲಿನ ಕುಡುಗೋಲು ಎತ್ತಿದಳು. ಹುಲ್ಲು ಮಾತಾಡಿತು: “ಅವ್ವಾ, ನಾನು ನಾಳಿದ್ದು ಹೂ ಬಿಡ್ತೀನಿ. ಅದನ್ನ ನೋಡಕ್ಕೇ ಅಲ್ವಾ ನೀನು ಬೆಟ್ಟ ಇಳಿದಿದ್ದು?”

ಮಾಳವ್ವನ ಕೈ ನಿಂತಿತು. ಬಾಗಿಲಲ್ಲಿ ಬೂದ ಏದುಸಿರು ಬಿಡುವುದು ಕೇಳುತ್ತಿತ್ತು.

“ಹೌದು. ಇನ್ನು ಮೇಲೆ ದೂರದಿಂದ ನೋಡ್ತೀನಿ” ಅಂದಳು. ಕೊಯ್ದಳು. ಬುಡದವರೆಗೂ ಕೊಯ್ದು, ಕಸ ಗುಡಿಸಿ, ಅಂಗಳ ಬಟಾಬಯಲು ಮಾಡಿದಳು. ಲೋಕದಲ್ಲಿ ಮೊದಲ ಅಂಗಳ ಆದದ್ದು ಹಾಗೆ.

ಆಮೇಲೆ ಬಿದಿರಿನ ಸೀಳನ್ನು ಬಗ್ಗಿಸಿ ಚಿಮಟ ಮಾಡಿದಳು. ಬೂದನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಈ ಸಲ ಉಣ್ಣಿಯ ಹೊಟ್ಟೆ ಹಿಡಿಯಲಿಲ್ಲ. ಚರ್ಮಕ್ಕೆ ಅಂಟಿಕೊಂಡ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ, ಜಗ್ಗದೆ, ನೆಟ್ಟಗೆ ನಿಧಾನವಾಗಿ ಎಳೆದಳು. ಬಾಯಿ ಸಮೇತ ಬಂತು.

“ಅಕ್ಕಾ, ನೋಯುತ್ತೆ” ಅಂದ ಬೂದ.

“ಗೊತ್ತು. ಅಲ್ಲಾಡಬೇಡ.”

“ಬೇಗ ಕಿತ್ತುಬಿಡಬಾರದಾ?”

“ಬೇಗ ಕಿತ್ತಿದ್ದು ಹೇಗಿತ್ತು ಅಂತ ನಿನ್ನ ಕಿವಿಯನ್ನೇ ಕೇಳು.”

ಕಿತ್ತದ್ದನ್ನು ಹಳ್ಳಕ್ಕೆ ಎಸೆದಳು. ಹಳ್ಳ ಬೈಯಿತು: “ನನ್ನೊಳಗೆ ಇವು ಸಾಯಲ್ಲ ಕಣವ್ವ. ಮುಳುಗಿ ಸುಮ್ಮನಿದ್ದು, ಆಚೆ ದಡದಲ್ಲಿ ಎದ್ದು ನಡ್ಕೊಂಡು ಹೋಗ್ತವೆ.” ಅಂದಿನಿಂದ ಅವಳು ಚಿಮಟದಲ್ಲೇ ಹಿಡಿದು ಒಲೆಯ ಕೆಂಡಕ್ಕೆ ಹಾಕಿದಳು. ಗಾಯ ತೊಳೆದಳು, ಕೈ ತೊಳೆದಳು. ಬೂದನ ಕಿವಿಯೊಳಗೆ, ಕತ್ತಿನ ಮಡಿಕೆಯಲ್ಲಿ, ಬೆರಳಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿದಳು. ಆಮೇಲೆ ತನ್ನ ಮಂಡಿಯ ಹಿಂದೆ, ಕಂಕುಳಲ್ಲಿ, ಸೊಂಟದಲ್ಲಿ, ಕೂದಲಿನ ಬುಡದಲ್ಲಿ.

ಬೂದನ ಒಸಡಿಗೆ ಕೆಂಪು ಮರಳಿತು. ಮತ್ತೆ ಬಂದು ಕಾಯುತ್ತಿದ್ದ ತೋಳ ಬೇಸತ್ತು ಎದ್ದು ಹೋಯಿತು.

ಅಂಗಳದ ಅಂಚಿನಲ್ಲಿ, ಉಳಿದ ಹುಲ್ಲಿನ ತುದಿಯಲ್ಲಿ ಉಣ್ಣಿ ಕೂತಿತ್ತು.

“ಇವತ್ತೇನೋ ನೀನು ನೋಡಿದೆ. ನಾಳೆ?” ಅಂದಿತು.

“ನಾಳೆನೂ ನೋಡ್ತೀನಿ.”

“ಮೈ ಹಣ್ಣಾಗಿ ಬಂದ ದಿನ? ನೆಂಟರು ಬಂದ ದಿನ? ಮಗು ಹುಟ್ಟಿದ ದಿನ? ಒಂದು ಸಂಜೆ ನೀನು ಮರೀತೀಯ ಮಾಳವ್ವ. ಆ ಸಂಜೆ ನಂದು. ಅಲ್ಲಿವರೆಗೆ ಹೀಗೇ ಕೈ ಚಾಚಿಕೊಂಡು ಇರ್ತೀನಿ.”

“ಇರು. ಕೈ ನೋವು ಬಂದ್ರೆ ನನ್ನ ಹತ್ರ ಹೇಳಬೇಡ.”

ಉಣ್ಣಿ ಹೇಳಿದ್ದು ಸುಳ್ಳಾಗಿರಲಿಲ್ಲ. ಸುಗ್ಗಿಯ ಒಂದು ಸಂಜೆ ಮಾಳವ್ವ ನವಣೆ ಬಡಿದು ಬಂದು ಗೋಡೆಗೆ ಒರಗಿದಳು. ಕಣ್ಣು ಎಳೆಯುತ್ತಿತ್ತು. “ಇದೊಂದು ದಿನ ಬಿಟ್ಟರೆ ಏನಾಗುತ್ತೆ” ಅಂದುಕೊಂಡಳು. ಹುಲ್ಲಿನ ತುದಿಯಲ್ಲಿ ಉಣ್ಣಿ ಕೈಗಳನ್ನು ಇನ್ನಷ್ಟು ಚಾಚಿತು.

ಆಗ ಬೂದ ಎದ್ದು ಬಂದ. ಕರೆಯದೆಯೇ ಬಂದು ಅವಳ ತೊಡೆಯ ಮೇಲೆ ತಲೆ ಇಟ್ಟ.

“ಅಕ್ಕಾ, ಕಿವಿ.”

“ನಾಳೆ ನೋಡೋಣ ಕಣೋ.”

ಬೂದ ತಲೆ ತೆಗೆಯಲಿಲ್ಲ. ಮೂಗಿನಿಂದ ಅವಳ ಕೈಯನ್ನು ಎತ್ತಿ, ತನ್ನ ಕಿವಿಯ ಮೇಲೆ ಹಾಕಿಕೊಂಡ. ಮಾಳವ್ವ ಕಣ್ಣುಜ್ಜಿಕೊಂಡು ಕಿವಿ ಮಡಿಸಿ ನೋಡಿದಳು. ಅಲ್ಲಿ ಅಗಸೆಕಾಳಿನಷ್ಟು ಒಂದಿತ್ತು.

ಅವಳು ಎದ್ದು ಚಿಮಟ ತಂದಳು.

ಆಮೇಲೆ ಬೆಟ್ಟದಿಂದ ಒಬ್ಬೊಬ್ಬರೇ ಇಳಿದು ಬಂದು ಮನೆ ಕಟ್ಟಿದರು, ಊರಾಯಿತು. ಮಾಳವ್ವನಿಗೆ ತನ್ನದೆಂದು ಇದ್ದದ್ದು ಒಂದು ಮನೆ, ಹುಲ್ಲಿಲ್ಲದ ಒಂದು ಅಂಗಳ, ಬಾಗಿಲಲ್ಲಿ ಮಲಗಿದ ಒಂದು ನಾಯಿ. ಅದಕ್ಕೆ ಅವಳು ತೆತ್ತದ್ದು ಅಂಗಳದವರೆಗೂ ಬರುತ್ತಿದ್ದ ಹೂವನ್ನು, ಮತ್ತು ಬದುಕಿದ್ದಷ್ಟು ಕಾಲದ ಒಂದೊಂದು ಸಂಜೆಯನ್ನೂ.

ಇವತ್ತಿಗೂ ಉಣ್ಣಿ ಹುಲ್ಲಿನ ತುದಿಯಲ್ಲಿ ಕೈ ಚಾಚಿ, ಯಾರೋ ಒಬ್ಬರು ಮರೆಯುವ ಆ ಒಂದು ಸಂಜೆಗಾಗಿ ಕಾಯುತ್ತಲೇ ಇದೆ ಮಗೂ. ಅದಕ್ಕೇ ಹೊತ್ತು ಇಳಿಯುವಾಗ ನಿಮ್ಮ ನಾಯಿ ಬಂದು ತೊಡೆಯ ಮೇಲೆ ತಲೆಯಿಟ್ಟು, ಮೂಗಿನಿಂದ ನಿನ್ನ ಕೈಯನ್ನು ಎತ್ತಿ ಕಿವಿಯ ಮೇಲೆ ಹಾಕಿಕೊಳ್ಳುತ್ತದೆ.